ಸಿನಿಮಾ ಪ್ರಬಂಧದ ಸಿನಾಪ್ಸಿಸ್: ಪ್ರಶ್ನೆ, ಪ್ರತಿ, ಶಾಟ್ ಪಟ್ಟಿ

ಬಿಎ ಕೊನೆಯ ವರ್ಷದ ಪ್ರಬಂಧಕ್ಕೆ ಸಿನಾಪ್ಸಿಸ್ (ಪ್ರಬಂಧ ಶುರು ಮಾಡುವ ಮೊದಲು ಬರೆದುಕೊಡುವ ರೂಪರೇಖೆ) ಬರೆಯುವಾಗ ಶೀರ್ಷಿಕೆಯನ್ನು ನಾನು ಕೊನೆಗೆ ಇಟ್ಟುಕೊಂಡೆ. ಮೊದಲು ಬೇಕಾದದ್ದು ಪರದೆಯ ಮೇಲೆಯೇ ಉತ್ತರ ಸಿಗುವಂಥ ಒಂದು ಪ್ರಶ್ನೆ. ಕೋಲಾರದ ಕಡೆಯವರಿಗೆ ತಕ್ಷಣ ಹೊಳೆಯುವ ವಿಷಯ 2018ರ ‘ಕೆ.ಜಿ.ಎಫ್: ಚಾಪ್ಟರ್ 1’. ಆದರೆ ‘ಕೆ.ಜಿ.ಎಫ್ ಚಿತ್ರದಲ್ಲಿ ಕಾರ್ಮಿಕರ ಚಿತ್ರಣ’ ಎಂದು ಬರೆದುಕೊಟ್ಟರೆ ಅದು ಬರೀ ವಿಷಯ, ಅದರಲ್ಲಿ ಕೇಳಿದ್ದೇನೂ ಇಲ್ಲ. ಅದನ್ನು ಇಳಿಸುತ್ತಾ ಬಂದರೆ ಇಲ್ಲಿಗೆ ಮುಟ್ಟುತ್ತೇವೆ: ಗಣಿಯ ದೃಶ್ಯಗಳಲ್ಲಿ ಕಾರ್ಮಿಕನೊಬ್ಬನ ಮುಖ ಯಾವಾಗ ಒಂಟಿಯಾಗಿ ಚೌಕಟ್ಟು ತುಂಬುತ್ತದೆ, ಯಾವಾಗ ಗುಂಪಿನಲ್ಲಿ ಕರಗುತ್ತದೆ, ಆಗ ಕೇಳುವ ದನಿ ಯಾರದು? ಕಥೆಯನ್ನು ಒಬ್ಬ ಪತ್ರಕರ್ತ ಹೇಳುತ್ತಾ ಹೋಗುವುದರಿಂದ ಆ ಕೊನೆಯ ಭಾಗಕ್ಕೆ ತೂಕವಿದೆ.

ಪ್ರಶ್ನೆ ಗಟ್ಟಿಯಿದೆಯೇ ಎಂದು ನೋಡಲು ಒಂದೇ ಪರೀಕ್ಷೆ ಸಾಕು. ಉತ್ತರ ನಾವು ಅಂದುಕೊಂಡದ್ದಕ್ಕೆ ತದ್ವಿರುದ್ಧವಾಗಿ ಬಂದರೂ ಪ್ರಬಂಧ ನಿಲ್ಲಬೇಕು. ನಿಲ್ಲದಿದ್ದರೆ ಅದು ಅಭಿಪ್ರಾಯ, ಪ್ರಶ್ನೆಯಲ್ಲ.

ಈ ಚಿತ್ರ ಹಿಡಿದವರು ಬಹಳಷ್ಟು ಮಂದಿ ಜಾರುವ ಜಾಗ ಇತಿಹಾಸ. ಕೋಲಾರದ ನಿಜವಾದ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಲಸ ಶುರು ಮಾಡಿತು, 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 2001ರಲ್ಲಿ ಬೀಗ ಬಿತ್ತು. ಚಿತ್ರದಲ್ಲಿ ಬರುವ ನರಾಚಿ ಎಂಬ ಗಣಿ ಕಟ್ಟುಕಥೆ. ‘ಚಿತ್ರದಲ್ಲಿ ತೋರಿಸಿದ್ದು ಸುಳ್ಳು’ ಎಂದು ಸಾಬೀತು ಮಾಡುತ್ತಾ ಹೋದರೆ ಪುಟ ತುಂಬುತ್ತದೆ, ಸಿನಿಮಾ ಅಧ್ಯಯನ ಆಗುವುದಿಲ್ಲ. ಇತಿಹಾಸಕ್ಕೆ ಹಿನ್ನೆಲೆಯಲ್ಲಿ ಒಂದು ಪ್ಯಾರಾ ಕೊಟ್ಟು ಮುಂದೆ ಹೋಗುವುದು ಲೇಸು. ಹೋಲಿಕೆಗೆ ಎರಡನೇ ಚಿತ್ರ ಬೇಕೆಂದರೆ ಅದೇ ನೆಲದ ಬಗ್ಗೆ 2024ರಲ್ಲಿ ಬಂದ ತಮಿಳಿನ ‘ತಂಗಲಾನ್’ ಇದೆ. ಮೂರನೆಯದಕ್ಕೆ ಪದವಿ ಮಟ್ಟದ ಪ್ರಬಂಧದಲ್ಲಿ ಜಾಗವಿಲ್ಲ.

ಎರಡನೆಯ ಕೆಲಸ ಪ್ರತಿ ಗೊತ್ತು ಮಾಡುವುದು. ಯಾವ ಪ್ರತಿ ನೋಡಿ ಬರೆಯುತ್ತೇವೆ ಎಂಬುದನ್ನು ಸಿನಾಪ್ಸಿಸ್‌ನಲ್ಲೇ ಹೇಳಿಬಿಡಬೇಕು. ಹಳೆಯ ಚಿತ್ರಗಳಿಗಂತೂ ಇದು ಜೀವಾಳ. 1934ರ ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲವಾದ್ದರಿಂದ ಅದರ ಶಾಟ್ (ಕ್ಯಾಮೆರಾ ಕಡಿತವಿಲ್ಲದೆ ತೋರಿಸುವ ಒಂದು ತುಣುಕು) ವಿಶ್ಲೇಷಣೆ ಸಾಧ್ಯವೇ ಇಲ್ಲ. ತುಮಕೂರಿನವರು 1954ರ ‘ಬೇಡರ ಕಣ್ಣಪ್ಪ’ ಹಿಡಿದು, ಗುಬ್ಬಿ ಕಂಪನಿಯಂಥ ರಂಗಭೂಮಿಯ ನಿಲುವು ಕ್ಯಾಮೆರಾ ಮುಂದೆ ಎಷ್ಟು ಉಳಿದಿದೆ ಎಂದು ಕೇಳಬಹುದು, ಒಳ್ಳೆಯ ಪ್ರಶ್ನೆ. ಆದರೆ ಅಂತರ್ಜಾಲದಲ್ಲಿ ಸಿಗುವ ಹಳೆಯ ಪ್ರತಿಗಳಲ್ಲಿ ಹಾಡು ಕತ್ತರಿಸಿರುತ್ತಾರೆ, ಅಗಲದ ಪರದೆಯ ಚಿತ್ರವಾದರೆ ಟಿವಿಗೆ ಹೊಂದಿಸಲು ಎಡಬಲದ ಅಂಚು ಕೊಯ್ದಿರುತ್ತಾರೆ. ಅಂಚಿನಲ್ಲಿ ನಿಂತ ಪಾತ್ರವೇ ಮಾಯವಾದ ಮೇಲೆ ಚೌಕಟ್ಟಿನ ಬಗ್ಗೆ ಏನು ಬರೆಯುವುದು? ಆರಂಭದಲ್ಲಿ ಬರುವ ಸೆನ್ಸಾರ್ ಪ್ರಮಾಣಪತ್ರವನ್ನು ತಡೆದು ನಿಲ್ಲಿಸಿ ಓದಿ. ಅದರಲ್ಲಿ ಚಿತ್ರದ ಉದ್ದ ಇರುತ್ತದೆ, ನಮ್ಮ ಪ್ರತಿಯ ಅವಧಿಯೊಂದಿಗೆ ತಾಳೆ ನೋಡಬಹುದು. ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ), ಹಲವು ಡಿವಿಡಿಗಳು 25ರಲ್ಲಿ ಓಡುತ್ತವೆ. 150 ನಿಮಿಷದ ಚಿತ್ರ ಅಲ್ಲಿ 144ಕ್ಕೆ ಮುಗಿಯುತ್ತದೆ. ಅದಕ್ಕಿಂತಲೂ ಕಡಿಮೆ ಬಂದರೆ ಕತ್ತರಿ ಬಿದ್ದಿದೆ ಎಂದೇ ಲೆಕ್ಕ.

ಓಟಿಟಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಸಾಮಾನ್ಯವಾಗಿ ಕಪ್ಪು ಚೌಕ ಬರುತ್ತದೆ. ಹಾಗಾಗಿ ಗಂಟೆ-ನಿಮಿಷ-ಸೆಕೆಂಡು ಬರೆದುಕೊಂಡು, ಚೌಕಟ್ಟನ್ನು ಪೆನ್ಸಿಲಿನಲ್ಲಿ ಗೀಚಿಟ್ಟುಕೊಳ್ಳುವುದು ನನಗೆ ಒಗ್ಗಿದ ದಾರಿ. ಕಂಪ್ಯೂಟರಿನಲ್ಲಿರುವ ಪ್ರತಿಯಾದರೆ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ‘ಇ’ ಕೀಲಿ ಒತ್ತಿದಂತೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಕಟ್ ಎಲ್ಲಿದೆಯೆಂದು ಕರಾರುವಾಕ್ಕಾಗಿ ಸಿಗುತ್ತದೆ.

ಇನ್ನು ಶಾಟ್ ಪಟ್ಟಿ. ಸಿನಾಪ್ಸಿಸ್ ಕೊಡುವ ಮೊದಲೇ ಒಂದು ದೃಶ್ಯಕ್ಕಾದರೂ ಇದನ್ನು ಮಾಡಿ ನೋಡಲೇಬೇಕು. ಎಕ್ಸೆಲ್ ಹಾಳೆಯಲ್ಲಿ ಆರು ಕಾಲಂ ಸಾಕು: ಶಾಟ್ ಸಂಖ್ಯೆ, ಶುರುವಾಗುವ ಸಮಯ, ಅಳತೆ (ಕ್ಲೋಸಪ್, ಮಿಡ್, ಲಾಂಗ್), ಕ್ಯಾಮೆರಾ ಚಲನೆ, ಚೌಕಟ್ಟಿನಲ್ಲಿ ಯಾರಿದ್ದಾರೆ, ಏನು ಕೇಳುತ್ತದೆ. ಕೆಲಸದ ಗಾತ್ರ ತಿಳಿಯುವುದು ಆಗಲೇ. ಶಾಟೊಂದಕ್ಕೆ ಸರಾಸರಿ ಎರಡೂವರೆ ಸೆಕೆಂಡು ಎಂದುಕೊಂಡರೆ 20 ನಿಮಿಷದ ಭಾಗದಲ್ಲಿ 480 ಶಾಟ್. ಒಂದಕ್ಕೆ ಒಂದು ನಿಮಿಷ ಹಿಡಿದರೂ ಎಂಟು ಗಂಟೆ. ಇಡೀ ಚಿತ್ರದ ಪಟ್ಟಿ ಮಾಡುತ್ತೇನೆ ಎಂದು ಬರೆದುಕೊಟ್ಟವರು ನಡುವಿನಲ್ಲಿ ಕೈಬಿಡುವುದು ಈ ಲೆಕ್ಕ ಹಾಕದೆ ಇರುವುದರಿಂದಲೇ. ಮೂರು ದೃಶ್ಯ ಆರಿಸಿ, ಆ ಮೂರೇ ಏಕೆ ಎಂದು ಎರಡೆರಡು ವಾಕ್ಯ ಬರೆದರೆ ‘ಅಧ್ಯಯನ ವಿಧಾನ’ದ ಅರ್ಧ ಭಾಗ ಮುಗಿದಂತೆ.

ಸಾಹಿತ್ಯ ಸಮೀಕ್ಷೆಗೆ ಏಳೆಂಟು ಬರಹ ಸಾಕು. ಪ್ರತಿಯೊಂದಕ್ಕೂ ಲೇಖಕರು ಏನು ಹೇಳಿದ್ದಾರೆ, ನನ್ನ ಪ್ರಶ್ನೆಗೆ ಎಲ್ಲಿಯವರೆಗೆ ಒದಗುತ್ತದೆ ಎಂದಷ್ಟೇ ಬರೆಯಿರಿ.

ಪ್ರೇಕ್ಷಕರನ್ನು ಮಾತಾಡಿಸುವ ಯೋಚನೆಯಿದ್ದರೆ ಅದೇ ಬೇರೆ ಪ್ರಬಂಧ ಎಂದು ತಿಳಿಯಿರಿ. ಕೆ.ಜಿ.ಎಫ್ ಊರಿನ ರಾಬರ್ಟ್‌ಸನ್‌ಪೇಟೆಯಲ್ಲಿ ತಮಿಳು, ಆಂಧ್ರ ಗಡಿಯ ಬಾಗೇಪಲ್ಲಿಯಲ್ಲಿ ತೆಲುಗು ಬರದೆ ಕೆಲಸ ಆಗದು. ಒಂದು ಗಂಟೆಯ ಧ್ವನಿಮುದ್ರಣ ಬರಹಕ್ಕಿಳಿಸಲು ಐದಾರು ಗಂಟೆ ಬೇಕು, ಅನುವಾದದ ಹೊತ್ತು ಬೇರೆ. ‘ಚಿತ್ರ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಎರಡು ನಿಮಿಷದ ತುಣುಕು ತೋರಿಸಿ ‘ಇದು ಯಾವ ಜಾಗ ಅನ್ನಿಸುತ್ತೆ, ಅಣ್ಣ?’ ಎಂದರೆ ಮಾತು ತಾನೇ ಬೆಳೆಯುತ್ತದೆ. ಊರಿನ ಚಿತ್ರಮಂದಿರಗಳ ಬಗ್ಗೆ ಬರೆಯುವವರಿಗೆ ಜಿಲ್ಲಾಧಿಕಾರಿ ಕಚೇರಿಯ ಪರವಾನಗಿ ಕಡತಗಳು ದೊಡ್ಡ ಆಸ್ತಿ, ಪರವಾನಗಿ ಕೊಡುವ ಅಧಿಕಾರ ಅಲ್ಲಿಯದೇ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಉತ್ತರಕ್ಕೆ 30 ದಿನದ ಗಡುವು ಇರುವುದರಿಂದ ಅರ್ಜಿಯನ್ನು ಸಿನಾಪ್ಸಿಸ್ ಬರೆಯುವ ವಾರವೇ ಹಾಕಿಬಿಡಬೇಕು.

ಇಷ್ಟೆಲ್ಲ ಕೈಗೆ ಬಂದ ಮೇಲೆ ಶೀರ್ಷಿಕೆ ಬರೆಯುವುದು ಹತ್ತು ನಿಮಿಷದ ಕೆಲಸ: ಚಿತ್ರ, ವರ್ಷ, ನೋಡುವ ಅಂಶ, ಮೂರೂ ಅದರಲ್ಲಿ ಇರಲಿ. ಕೊನೆಗೆ ಶಾಟ್ ಪಟ್ಟಿಯ ಒಂದು ಪುಟವನ್ನು ಸಿನಾಪ್ಸಿಸ್‌ಗೆ ಅನುಬಂಧವಾಗಿ ಲಗತ್ತಿಸಿ. ಗೈಡ್‌ಗೆ ಹತ್ತು ಪುಟದ ವಿವರಣೆಗಿಂತ ಆ ಒಂದು ಹಾಳೆಯ ಮೇಲೆ ಮಾತಾಡುವುದು ಸುಲಭ, ತಿದ್ದುಪಡಿಯೂ ಆ ಹಂತದಲ್ಲೇ ಆಗಿಹೋಗುತ್ತದೆ.