ಬೀದಿನಾಯಿ ಶಸ್ತ್ರಕ್ರಿಯೆಯ ಲೆಕ್ಕ ಪಂಚಾಯತಿನಲ್ಲಿ ಕೇಳುವುದು ಹೇಗೆ?

‘ನಮ್ಮ ವಾರ್ಡಿನ ಬೀದಿನಾಯಿಗಳ ಬಗ್ಗೆ ಪಂಚಾಯತ್ ಯಾಕೆ ಕ್ರಮ ಕೈಗೊಂಡಿಲ್ಲ?’ ಕೇರಳದ ಕಾಸರಗೋಡಿನಲ್ಲಿ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಹೀಗೆ ಬರೆದವರಿಗೆ ಒಂದು ತಿಂಗಳ ನಂತರ ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಅರ್ಜಿದಾರರು ಅಲ್ಲಿಗೇ ಕೈಬಿಡುತ್ತಾರೆ. ಇಲ್ಲಿ ಕಚೇರಿಯ ತಪ್ಪಿಗಿಂತ ಪ್ರಶ್ನೆಯ ತಪ್ಪೇ ದೊಡ್ಡದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಿಗುವುದು ಕಡತದಲ್ಲಿರುವ ದಾಖಲೆ ಮಾತ್ರ. ‘ಯಾಕೆ’ ಎಂಬುದಕ್ಕೆ ಉತ್ತರ ಕೊಡುವ ಬಾಧ್ಯತೆ ಅಧಿಕಾರಿಗಿಲ್ಲ. ಕೇಳಬೇಕಾದದ್ದು ರಿಜಿಸ್ಟರ್.

ಯಾವ ರಿಜಿಸ್ಟರ್ ಎಂದು ತಿಳಿಯಲು ನಿಯಮ ಗೊತ್ತಿರಬೇಕು. 2023ರ ಮಾರ್ಚ್ 10ರಂದು ಹೊರಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು (ಜನ ಕರೆಯುವುದು ಎಬಿಸಿ ನಿಯಮ ಎಂದೇ) 2001ರ ಹಳೆಯ ನಿಯಮಗಳ ಬದಲಿಗೆ ಬಂದವು. ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿ ರೇಬಿಸ್ ಲಸಿಕೆ ಹಾಕಿಸುವ ಹೊಣೆ ಸ್ಥಳೀಯಾಡಳಿತದ್ದು. ಹಿಡಿದ ನಾಯಿಗೆ ಕೂಡಲೇ ಸಂಖ್ಯೆಯಿರುವ ಪಟ್ಟಿ ಕಟ್ಟಬೇಕು, ಎಲ್ಲಿ ಹಿಡಿದದ್ದು ಎಂದು ಬರೆದಿಡಬೇಕು, ಶಸ್ತ್ರಕ್ರಿಯೆಯ ಗುರುತಿಗೆ ಕಿವಿಯ ಅಂಚು ಕತ್ತರಿಸಬೇಕು, ಗುಣವಾದ ಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು. ಇದನ್ನೆಲ್ಲ ನೋಡಿಕೊಳ್ಳಲು ಸ್ಥಳೀಯ ಮೇಲ್ವಿಚಾರಣಾ ಸಮಿತಿ ಇರಬೇಕು. ಒಂದು ತಿದ್ದುಪಡಿ ನೆನಪಿರಲಿ: 2025ರ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶದಂತೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡುವಂತಿಲ್ಲ, ಆಶ್ರಯತಾಣಕ್ಕೆ ಸಾಗಿಸಬೇಕು. ಹಾಗಾಗಿ ಅಂಥ ನಾಯಿಗಳ ಲೆಕ್ಕ ಆಶ್ರಯತಾಣದ ರಿಜಿಸ್ಟರಿನಲ್ಲಿ ಸಿಗಬೇಕು.

ಹಂತ 1: ಯೋಜನೆಯ ಸಂಖ್ಯೆ ಹುಡುಕಿ

ಪಂಚಾಯತ್ ಕಚೇರಿಗೆ ಹೋಗಿ ವಾರ್ಷಿಕ ಯೋಜನೆಯ ಪುಸ್ತಕ ಕೇಳಿ. ಅದು ಮಲಯಾಳದಲ್ಲಿರುತ್ತದೆ. ಮೃಗ ಸಂರಕ್ಷಣೆಯ (ಪಶುಸಂಗೋಪನೆಯ) ಭಾಗದಲ್ಲಿ ‘ತೆರುವುನಾಯ’ (ಬೀದಿನಾಯಿ), ‘ವಂಧ್ಯಂಕರಣಂ’ (ಸಂತಾನಹರಣ) ಎಂಬ ಪದಗಳಿರುವ ಸಾಲು ಹುಡುಕಿ ಯೋಜನಾ ಸಂಖ್ಯೆ, ಮೊತ್ತ, ನಿರ್ವಹಣಾಧಿಕಾರಿಯ ಹುದ್ದೆ ಬರೆದುಕೊಳ್ಳಿ. ಸಂಖ್ಯೆಯಿಲ್ಲದ ಅರ್ಜಿಗೆ ‘ಅಂಥ ಮಾಹಿತಿ ಲಭ್ಯವಿಲ್ಲ’ ಎಂದು ಬರೆದು ಮುಗಿಸುವುದು ಸುಲಭ.

ದುಡ್ಡು ಕೊಟ್ಟವರು ಒಬ್ಬರು, ಕೆಲಸ ಮಾಡಿದವರು ಇನ್ನೊಬ್ಬರು ಎಂಬುದನ್ನೂ ಗಮನಿಸಿ. ಗ್ರಾಮ ಪಂಚಾಯತ್ ತನ್ನ ಪಾಲು ಕೊಟ್ಟು, ಶಸ್ತ್ರಕ್ರಿಯೆ ಮುಳಿಯಾರಿನಂಥ ಎಬಿಸಿ ಕೇಂದ್ರದಲ್ಲಿ ನಡೆದಿದ್ದರೆ ವೋಚರ್ ಒಂದು ಕಚೇರಿಯಲ್ಲಿರುತ್ತದೆ, ರಿಜಿಸ್ಟರ್ ಇನ್ನೊಂದರಲ್ಲಿ. ತಪ್ಪಿ ಬಂದ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕೆಂದು ಕಾಯ್ದೆಯ ಕಲಂ 6(3) ಹೇಳುತ್ತದೆ. ಅದನ್ನು ನಂಬಿ ಕೂರಬೇಡಿ. ಎರಡು ಕಡೆಗೂ ಬೇರೆ ಬೇರೆ ಅರ್ಜಿ ಹಾಕಿ.

ಹಂತ 2: ನಾಯಿ ಎಣಿಸಿ

ಬೆಳಿಗ್ಗೆ ಪೇಟೆ ತೆರೆಯುವ ಮೊದಲು, ಎರಡು ದಿನ, ಒಂದೇ ದಾರಿಯಲ್ಲಿ. ಗಂಡು, ಹೆಣ್ಣು, ಮರಿಗಳಿಗೆ ಹಾಲೂಡಿಸುತ್ತಿರುವ ತಾಯಿ, ಕಿವಿಗುರುತು ಇರುವುದು, ಇಲ್ಲದ್ದು ಎಂದು ಐದು ಸಾಲು ಸಾಕು. ಕಚ್ಚಾಟದಲ್ಲಿ ಹರಿದ ಕಿವಿಯನ್ನು ಶಸ್ತ್ರಕ್ರಿಯೆಯ ಗುರುತೆಂದು ಎಣಿಸಬೇಡಿ. ಕತ್ತರಿಸಿದ ಅಂಚು ನೇರವಾಗಿರುತ್ತದೆ, ಹರಿದದ್ದು ಅಂಕುಡೊಂಕು. ಹತ್ತಿರ ಹೋಗುವ ಅಗತ್ಯವಿಲ್ಲ, ದೂರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಎಣಿಕೆ ನಾಳೆಯೂ ಮಾಡಬಹುದು.

ಹಂತ 3: ಅರ್ಜಿ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾದರಿ ಅರ್ಜಿಗಳನ್ನು ಬಳಸಲೇಬೇಡಿ. ಅವುಗಳಲ್ಲಿ ಹಲವು ಮಂಗಳೂರು ಕಡೆಯವು, ಕರ್ನಾಟಕದ ನಿಯಮಕ್ಕೆ ಬರೆದವು. ಅಲ್ಲಿ ಒಂದೇ ವಿಷಯ, 150 ಪದ ಎಂಬ ಮಿತಿಯಿದೆ. ತಲಪಾಡಿ ದಾಟಿ ಈಚೆ ಬಂದರೆ ಕೇರಳದ ನಿಯಮ. ಅಂಗಡಿಯಲ್ಲಿ ಮಾರುವ ಅಚ್ಚಿನ ಫಾರಂ ಕೂಡ ಬೇಡ. ಬಿಳಿ ಹಾಳೆ ಸಾಕು. ಶುಲ್ಕ 10 ರೂಪಾಯಿ. ಕೋರ್ಟ್ ಫೀ ಸ್ಟಾಂಪ್ ಹಚ್ಚಬಹುದು, ಆದರೆ ಕಚೇರಿಯಲ್ಲೇ ನಗದು ಕಟ್ಟಿ ರಸೀದಿ ಪಡೆಯುವುದು ಒಳ್ಳೆಯದು, ತಾರೀಕಿಗೆ ಅದೇ ಸಾಕ್ಷಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರು ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ‘ಉತ್ತರ ಕನ್ನಡದಲ್ಲಿ ಬೇಕು’ ಎಂಬ ಸಾಲನ್ನು ಅರ್ಜಿಯ ಮೇಲ್ಭಾಗದಲ್ಲೇ ಹಾಕಿ. ರಿಜಿಸ್ಟರಿನ ಪ್ರತಿಗಳು ಮಾತ್ರ ಮೂಲದಲ್ಲಿ ಹೇಗಿವೆಯೋ ಹಾಗೆಯೇ ಬರುತ್ತವೆ. ಅದಕ್ಕೆ ಮಲಯಾಳ ಓದಬಲ್ಲವರೊಬ್ಬರು ಜೊತೆಗಿರಲಿ.

ಪ್ರಶ್ನೆಗಳು ಏಳನ್ನು ಮೀರದಿರಲಿ. ಪ್ರತಿಯೊಂದಕ್ಕೂ ‘ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ’ ಎಂಬ ಗಡಿ ಹಾಕಿ. ಮೂರು ತಿಂಗಳ ಅವಧಿ ಸಾಕು. ಕೇಳಬೇಕಾದವು: ನಾಯಿ ಹಿಡಿದ ರಿಜಿಸ್ಟರ್, ಶಸ್ತ್ರಕ್ರಿಯೆಯ ರಿಜಿಸ್ಟರ್, ಸಾವಿನ ವಿವರ, ಬಿಟ್ಟ ಸ್ಥಳದ ರಿಜಿಸ್ಟರ್, ಲಸಿಕೆ ಮತ್ತು ಅರಿವಳಿಕೆ ಔಷಧಿಯ ದಾಸ್ತಾನು ಪುಸ್ತಕ, ಅಂಗಾಂಗ ಎಣಿಕೆಯ (ಶಸ್ತ್ರಕ್ರಿಯೆಯಲ್ಲಿ ತೆಗೆದ ಗರ್ಭಕೋಶ, ವೃಷಣಗಳ ಲೆಕ್ಕದ) ದಾಖಲೆ ಸಮೇತ ಮೇಲ್ವಿಚಾರಣಾ ಸಮಿತಿಯ ಸಭಾ ನಡಾವಳಿ, ಹಣ ಪಾವತಿಯ ವೋಚರ್. ಎಲ್ಲದಕ್ಕೂ ‘ದೃಢೀಕೃತ ಪ್ರತಿ’ ಎಂದೇ ಬರೆಯಿರಿ. ‘ಮಾಹಿತಿ ಒದಗಿಸಿ’ ಎಂದರೆ ಕೋಷ್ಟಕವೊಂದನ್ನು ಟೈಪ್ ಮಾಡಿ ಕೊಡುತ್ತಾರೆ, ಅದರಿಂದ ಪ್ರಯೋಜನವಿಲ್ಲ.

ಕೊನೆಗೆ ಕಡತ ಪರಿಶೀಲನೆಗೂ ದಿನ ಕೇಳಿ. ಮೊದಲ ಒಂದು ಗಂಟೆಗೆ ಶುಲ್ಕವಿಲ್ಲ. ಯಾವ ಪುಟದ ಪ್ರತಿ ಬೇಕೆಂದು ಆರಿಸಿಕೊಂಡರೆ ಪ್ರತಿಗಳ ಖರ್ಚೂ ಉಳಿಯುತ್ತದೆ.

ಕ್ಯಾಮರಾದ ವಿಷಯದಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಕೇಂದ್ರದಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ಕನಿಷ್ಠ 30 ದಿನ ಇಟ್ಟುಕೊಳ್ಳಬೇಕು ಎಂದು ನಿಯಮ. ಮಾಹಿತಿ ಹಕ್ಕಿನ ಉತ್ತರಕ್ಕೂ 30 ದಿನ ಗಡುವು. ಉತ್ತರ ಬರುವಷ್ಟರಲ್ಲಿ ದೃಶ್ಯ ಅಳಿಸಿಹೋಗಿರುತ್ತದೆ. ಆದ್ದರಿಂದ ಅರ್ಜಿ ಕೊಡುವ ದಿನವೇ ‘ಇಂಥ ದಿನಗಳ ದೃಶ್ಯಗಳನ್ನು ಅಳಿಸದೆ ಕಾಯ್ದಿರಿಸಿ’ ಎಂಬ ಬೇರೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಹಂತ 4: ಲೆಕ್ಕ ತಾಳೆ ನೋಡಿ

ದಾಖಲೆ ಕೈಗೆ ಬಂದ ಮೇಲೆ ಪುಟ ತಿರುಗಿಸಿ ಸುಮ್ಮನಾಗಬೇಡಿ. ಒಬ್ಬರೇ ಬರೆದ ಎರಡು ಪುಸ್ತಕ ಹೊಂದಿಕೆಯಾಗುವುದು ದೊಡ್ಡದಲ್ಲ. ಬೇರೆ ಬೇರೆಯವರು ಬರೆದದ್ದು ಹೊಂದುತ್ತದೆಯೇ ನೋಡಿ.

ಮೊದಲು ಗೂಡುಗಳ ಲೆಕ್ಕ. ಶಸ್ತ್ರಕ್ರಿಯೆಗೆ ಮೊದಲು ನಾಯಿಯನ್ನು ಉಪವಾಸ ಕೆಡವಬೇಕು, ಆಮೇಲೆ ಕನಿಷ್ಠ 4 ದಿನ ಆರೈಕೆ ಬೇಕು. ಒಂದು ನಾಯಿಗೆ 5 ದಿನ ಎಂದಿಟ್ಟುಕೊಳ್ಳಿ. ಕೇಂದ್ರದಲ್ಲಿ 40 ಗೂಡುಗಳಿದ್ದರೆ 30 ದಿನಕ್ಕೆ ಒಂದೊಂದು ಗೂಡು 6 ಬಾರಿ ಖಾಲಿಯಾಗುತ್ತದೆ, ಅಂದರೆ ತಿಂಗಳಿಗೆ ಹೆಚ್ಚೆಂದರೆ 240 ನಾಯಿ. ರಜೆ, ಮಳೆ, ವೈದ್ಯರ ಗೈರುಹಾಜರಿ ಕಳೆದರೆ ಇನ್ನೂ ಕಡಿಮೆ. ಬಿಲ್ಲಿನಲ್ಲಿ 350 ಎಂದಿದ್ದರೆ ಒಂದೋ ನಾಯಿಗಳನ್ನು ಗಾಯ ಮಾಯುವ ಮೊದಲೇ ಬಿಟ್ಟಿದ್ದಾರೆ, ಇಲ್ಲವೇ ಒಂದೇ ಗೂಡಿಗೆ ಎರಡು ತುರುಕಿದ್ದಾರೆ, ಇಲ್ಲವೇ ಅಷ್ಟು ನಾಯಿಗಳು ಇರಲೇ ಇಲ್ಲ.

ನಂತರ ಲಸಿಕೆ. ಒಂದು ನಾಯಿಗೆ 1 ಮಿ.ಲೀ. 10 ಡೋಸಿನ ಬಾಟ್ಲಿಯಾದರೆ 180 ನಾಯಿಗೆ 18 ಬಾಟ್ಲಿ. ದಾಸ್ತಾನು ಪುಸ್ತಕದಲ್ಲಿ 22 ಖರ್ಚಾಗಿದ್ದರೆ ಸಂಶಯ ಪಡಬೇಡಿ, ತೆರೆದ ಬಾಟ್ಲಿಯಲ್ಲಿ ಉಳಿದದ್ದನ್ನು ಎಸೆಯಬೇಕಾಗುತ್ತದೆ. 18ಕ್ಕಿಂತ ಕಡಿಮೆಯಿದ್ದರೆ ಮಾತ್ರ ಪ್ರಶ್ನೆ ಗಂಭೀರ: ಕಿವಿ ಕತ್ತರಿಸಿಕೊಂಡ ಕೆಲವು ನಾಯಿಗಳಿಗೆ ರೇಬಿಸ್ ರಕ್ಷಣೆಯೇ ಇಲ್ಲ, ಊರಿನವರು ಇದೆ ಎಂದು ನಂಬಿದ್ದಾರೆ.

ಸಾವಿನ ಕಾಲಂ ಪೂರ್ತಿ ಸೊನ್ನೆಯಿದ್ದರೆ ಸಮಾಧಾನ ಪಡಬೇಡಿ. ನೂರಾರು ಶಸ್ತ್ರಕ್ರಿಯೆ ನಡೆದ ಕಡೆ ಅರಿವಳಿಕೆಗೋ ನಂಜಿಗೋ ಕೆಲವು ನಾಯಿ ಸಾಯುವುದಿದೆ. ಒಂದೂ ಸಾವಿಲ್ಲದ ರಿಜಿಸ್ಟರನ್ನು ಕೂತು ಒಂದೇ ದಿನ ಬರೆದಿರುವ ಸಾಧ್ಯತೆ ಹೆಚ್ಚು. ಶಾಯಿ, ಕೈಬರಹ ನೋಡಿ.

ಬಿಟ್ಟ ಸ್ಥಳದ ಕಾಲಮ್ಮಿನಲ್ಲಿ ‘ಬದಿಯಡ್ಕ’ ಎಂದಷ್ಟೇ ಇದ್ದರೆ ಅದು ದಾಖಲೆಯಲ್ಲ. ಹಿಡಿದ ಜಾಗ, ಬಿಟ್ಟ ಜಾಗ ಎರಡೂ ಒಂದೇ ಎಂದು ತಿಳಿಯುವಷ್ಟು ವಿವರ ಬೇಕು. ಪೇಟೆಯ ನಾಯಿಯನ್ನು ಎಣ್ಮಕಜೆಯ ಗುಡ್ಡದಲ್ಲಿ ಬಿಟ್ಟರೆ ಪೇಟೆಯ ಖಾಲಿ ಜಾಗಕ್ಕೆ ಶಸ್ತ್ರಕ್ರಿಯೆಯಾಗದ, ಲಸಿಕೆಯಿಲ್ಲದ ಹೊಸ ನಾಯಿ ಬರುತ್ತದೆ, ಗುಡ್ಡದವರಿಗೆ ಹೊಸ ಉಪದ್ರವ ಶುರುವಾಗುತ್ತದೆ. ನಿಮ್ಮ ವಾರ್ಡಿನ ಹೆಸರಿನಲ್ಲಿ 30 ನಾಯಿ ಬಿಟ್ಟದ್ದಾಗಿ ಬರೆದಿದ್ದು, ಬೆಳಗಿನ ಎಣಿಕೆಯಲ್ಲಿ ಕಿವಿಗುರುತು ಸಿಕ್ಕಿದ್ದು ನಾಲ್ಕಕ್ಕೆ ಮಾತ್ರವಾದರೆ ಎರಡೂ ಕಾಗದವನ್ನು ಒಟ್ಟಿಗೆ ಪಿನ್ ಮಾಡಿಡಿ.

ವೋಚರ್‌ನ ಸಂಖ್ಯೆಯನ್ನು ಅಂಗಾಂಗ ಎಣಿಕೆಯ ಸಂಖ್ಯೆಯೊಂದಿಗೆ ಹೋಲಿಸಿ. ತೆಗೆದ ಗರ್ಭಕೋಶ, ವೃಷಣಗಳನ್ನು ಸಮಿತಿ ಎಣಿಸಿದ ಮೇಲೆಯೇ ಹಣ ಹೋಗಬೇಕು. ಎಣಿಕೆಯ ತಾರೀಕು ಪಾವತಿಯ ನಂತರದ್ದಾದರೆ ಆ ಎಣಿಕೆ ನೆಪಕ್ಕೆ ನಡೆದದ್ದು.

ಹಂತ 5: ಮೇಲ್ಮನವಿ, ಗ್ರಾಮಸಭೆ

30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ.

ಲೆಕ್ಕದಲ್ಲಿ ಬಿರುಕು ಸಿಕ್ಕಿದ್ದರೆ ಫೇಸ್‌ಬುಕ್ಕಿಗೆ ಹಾಕುವ ಮೊದಲು ಗ್ರಾಮಸಭೆಗೆ ತನ್ನಿ. ಅದು ಕನಿಷ್ಠ ಮೂರು ತಿಂಗಳಿಗೊಮ್ಮೆ ಸೇರಲೇಬೇಕು, ವಾರ್ಡು ಸದಸ್ಯರೇ ಸಂಚಾಲಕರು. ಒಂದು ಪುಟದಲ್ಲಿ ಎರಡು ಕಾಲಂ ಮಾಡಿ: ಎಡಕ್ಕೆ ರಿಜಿಸ್ಟರಿನ ಸಂಖ್ಯೆ, ಬಲಕ್ಕೆ ನಿಮಗೆ ಸಿಕ್ಕ ಸಂಖ್ಯೆ. ಮಾತು ಬೇಡ, ಪುಟ ಓದಿ. ‘ಮೇಲ್ವಿಚಾರಣಾ ಸಮಿತಿ ಈ ವ್ಯತ್ಯಾಸಕ್ಕೆ ಲಿಖಿತ ವಿವರಣೆ ಕೊಡಬೇಕು’ ಎಂಬ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಭೆ ಮುಗಿಯುವ ಮೊದಲೇ ನಿರ್ಣಯದ ಸಂಖ್ಯೆ ಕೇಳಿ ಬರೆದುಕೊಳ್ಳಿ. ಮರುದಿನ ಆ ಸಂಖ್ಯೆ ನಮೂದಿಸಿ ನಡಾವಳಿಯ ದೃಢೀಕೃತ ಪ್ರತಿಗೆ ಇನ್ನೊಂದು 10 ರೂಪಾಯಿಯ ಅರ್ಜಿ ಹಾಕಿ.