ಪುಣೆಯಲ್ಲಿ ಓದುತ್ತಲೇ ಕ್ರೆಡಿಟ್ ಸ್ಕೋರ್ ಬೆಳೆಸಿಕೊಳ್ಳುವ ಬಗೆ

ಬೆಳಗಾವಿ, ವಿಜಯಪುರದ ಕಡೆಯಿಂದ ಪುಣೆಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು, ಸಂಬಳವಿಲ್ಲದೆ ಕ್ರೆಡಿಟ್ ಕಾರ್ಡ್ ಸಿಗದೆಂದು ಸುಮ್ಮನಾಗುತ್ತಾರೆ; ಆದರೆ 18 ವರ್ಷ ತುಂಬಿದವರಿಗೆ ನಿಶ್ಚಿತ ಠೇವಣಿಯ ಆಧಾರದ ಮೇಲೆ ಹಲವು ಬ್ಯಾಂಕುಗಳು ಕಾರ್ಡ್ ಕೊಡುತ್ತವೆ, ಸಾಲ ತೀರಿಸುವ ಶಿಸ್ತನ್ನು ಅಳೆಯುವ ಅಂಕವಾದ ಕ್ರೆಡಿಟ್ ಸ್ಕೋರ್ ಬೆಳೆಸುವ ಮೊದಲ ಹೆಜ್ಜೆಗೆ ನನ್ನ ಸಲಹೆಯೂ ಅದೇ.

20,000 ರೂಪಾಯಿ ಠೇವಣಿಗೆ 18,000 ರೂಪಾಯಿ ಮಿತಿ ಸಿಕ್ಕಿತೆನ್ನಿ. ಬಾಕಿಯನ್ನು ಮಿತಿಯ ಶೇ 30ರೊಳಗೆ, ಅಂದರೆ 5,400 ರೂಪಾಯಿಯೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಬ್ಯಾಂಕು ಕ್ರೆಡಿಟ್ ಬ್ಯೂರೋಗೆ (ಎಲ್ಲರ ಸಾಲದ ದಾಖಲೆ ಇಟ್ಟು ಸ್ಕೋರ್ ಕೊಡುವ ಸಂಸ್ಥೆಗೆ) ವರದಿ ಮಾಡುವ ದಿನದ ಬಾಕಿಯೇ ದಾಖಲಾಗುವುದರಿಂದ, ಪರೀಕ್ಷಾ ಶುಲ್ಕದಂಥ ದೊಡ್ಡ ಮೊತ್ತವನ್ನು ಕಾರ್ಡಿನಿಂದ ಕಟ್ಟಿದ ತಿಂಗಳು ಬಿಲ್ಲಿನ ಗಡುವಿಗೆ ಕಾಯದೆ ಒಂದಿಷ್ಟನ್ನು ಮುಂಚೆಯೇ ತುಂಬಿಬಿಡಿ.

ಬಿಲ್ಲಿನಲ್ಲಿ ಕಾಣುವ ‘ಕನಿಷ್ಠ ಪಾವತಿ’ಯನ್ನು ನಂಬಿ ಕೂರಬೇಡಿ. ಅಷ್ಟನ್ನೇ ಕಟ್ಟಿದರೆ ತಡಶುಲ್ಕ ತಪ್ಪೀತು, ಆದರೆ ಉಳಿದ ಬಾಕಿಗೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ 3ಕ್ಕಿಂತಲೂ ಹೆಚ್ಚು ಬಡ್ಡಿ ಬೀಳುತ್ತದೆ, ಹೊಸ ಖರೀದಿಗಳಿಗಿದ್ದ ಬಡ್ಡಿರಹಿತ ಅವಧಿಯೂ ಹೋಗುತ್ತದೆ; ಆದ್ದರಿಂದ ಪೂರ್ಣ ಮೊತ್ತಕ್ಕೆ ಆಟೋ ಡೆಬಿಟ್ ಹಾಕಿಸಿಡುವುದು ಲೇಸು. ಅಪ್ಪ ಸಹ ಸಾಲಗಾರರಾಗಿರುವ ಶಿಕ್ಷಣ ಸಾಲದ ಕಂತು ತಪ್ಪಿದರೆ ಇಬ್ಬರ ಸ್ಕೋರೂ ಇಳಿಯುತ್ತದೆ.

ಇಂಥ ಬ್ಯೂರೋಗಳಲ್ಲೊಂದಾದ ಸಿಬಿಲ್ ಕೊಡುವ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಸಾಮಾನ್ಯವಾಗಿ 750 ದಾಟಿದ ಮೇಲೆ ಒಳ್ಳೆಯ ಕಾರ್ಡಿಗೆ ಅರ್ಜಿ ಹಾಕಬಹುದು, ಆದರೆ ಒಮ್ಮೆಲೇ ನಾಲ್ಕೈದು ಬ್ಯಾಂಕುಗಳಿಗೆ ಹಾಕಬಾರದು. ಅದಕ್ಕೂ ಮೊದಲು, ಪ್ರತಿ ಬ್ಯೂರೋ ವರ್ಷಕ್ಕೊಮ್ಮೆ ಉಚಿತವಾಗಿ ಕೊಡುವ ವರದಿಯನ್ನು ತರಿಸಿ ನೋಡಿ. ತಪ್ಪಿದ್ದರೆ ದೂರು ಕೊಡಿ, 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ.