ಡ್ರೆಜ್ಜಿಂಗ್‌ನಿಂದ ಕಡಲ ತಳಕ್ಕೆ ಏನಾಗ್ತಿದೆ ಅಂತ ಲೆಕ್ಕ ಇಡೋದು ಹೇಗೆ

ಮಂಗಳೂರಿನ ಪಣಂಬೂರು ಬಂದರಿಗೆ ಹಡಗು ಬರೋ ಚಾನೆಲ್ ಆಗ್ಲಿ, ಬೆಂಗ್ರೆ ಹತ್ರ ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರೋ ಅಳಿವೆ ಬಾಗಿಲಾಗ್ಲಿ, ಹೂಳೆತ್ತೋ ಕೆಲಸ (ಡ್ರೆಜ್ಜಿಂಗ್) ಒಂದ್ಸಲಕ್ಕೆ ಮುಗಿಯಲ್ಲ, ಮಳೆಗಾಲ ಕಳೆಯೋಷ್ಟರಲ್ಲಿ ಮತ್ತೆ ತುಂಬಿರುತ್ತೆ. ತಳದಲ್ಲಿರೋ ಮರುವಾಯಿ (ತಿನ್ನೋ ಚಿಪ್ಪುಜೀವಿ), ಹುಳ, ಏಡಿಮರಿಗಳ ಗತಿ ಏನು ಅಂತ ತಿಳೀಬೇಕಾದ್ರೆ ಡ್ರೆಜ್ಜರ್ (ಹೂಳೆತ್ತೋ ಹಡಗು) ಬರೋಕೆ ಮುಂಚೆನೇ ಸ್ಯಾಂಪಲ್ ತೆಗೀಬೇಕು. ಇದೊಂದು ಬಿಟ್ಟುಹೋದ್ರೆ ಆಮೇಲೆ ಎಷ್ಟು ದುಡ್ಡು ಸುರಿದ್ರೂ ಉತ್ತರ ಸಿಗಲ್ಲ.

ಯಾಕಂದ್ರೆ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲೇ ತಳ ಕಲಕುತ್ತೆ, ನದಿ ಕೆಸರು ತಂದು ಹಾಕುತ್ತೆ, ಆಳದಿಂದ ಮೇಲೆ ಬರೋ ನೀರಲ್ಲಿ ಆಕ್ಸಿಜನ್ ಕಮ್ಮಿ ಇರುತ್ತೆ. ಏಪ್ರಿಲ್‌ನಲ್ಲಿ ಒಂದು ಸ್ಯಾಂಪಲ್, ಅಕ್ಟೋಬರ್‌ನಲ್ಲಿ ಇನ್ನೊಂದು ತೆಗೆದು ಜೀವಿ ಕಮ್ಮಿ ಆಗಿದೆ ಅಂದ್ರೆ ಅದು ಡ್ರೆಜ್ಜರ್ ಮಾಡಿದ್ದಾ ಮಳೆಗಾಲ ಮಾಡಿದ್ದಾ ಅಂತ ಹೇಳೋಕಾಗಲ್ಲ. ಹಾಗಾಗಿ ಮಳೆಗೆ ಮುಂಚೆ, ಮಳೆ ಆದ್ಮೇಲೆ, ಎರಡೂ ಸೀಸನ್ನಿನ ಹಳೇ ಲೆಕ್ಕ ಬೇಕೇ ಬೇಕು, ಸಾಧ್ಯ ಆದ್ರೆ ಒಂದು ವರ್ಷಕ್ಕಿಂತ ಜಾಸ್ತಿದು ಇಟ್ಕೊಳ್ಳಿ.

ಸ್ಟೇಷನ್, ಅಂದ್ರೆ ಸ್ಯಾಂಪಲ್ ತೆಗೆಯೋ ಜಾಗ, ಆರಿಸೋದ್ರಲ್ಲಿ ಅವಸರ ಬೇಡ. ಅಗೆಯೋ ಜಾಗ, ಕೆಸರು ನೀರು ಹರಡೋ ಜಾಗ, ತೆಗೆದ ಹೂಳು ತಗೊಂಡ್ಹೋಗಿ ಸುರಿಯೋ ಜಾಗ (ಇದನ್ನ ಮರೀಬೇಡಿ, ಅಲ್ಲಿ ಜೀವಿಗಳು ಹೂಳಿನ ಕೆಳಗೆ ಜೀವಂತ ಹೂತುಹೋಗ್ತವೆ), ಮತ್ತೆ ಹೋಲಿಸಿ ನೋಡೋಕೆ ಇದ್ಯಾವುದೂ ತಾಗದ ಕಂಟ್ರೋಲ್ ಜಾಗ, ಇಷ್ಟೂ ಬೇಕು. ಕಂಟ್ರೋಲ್ ಜಾಗದ ಆಳ, ಮರಳು-ಕೆಸರಿನ ಪ್ರಮಾಣ ಅಗೆಯೋ ಜಾಗದ ಥರಾನೇ ಇರ್ಬೇಕು. ಒಂದೇ ಕಂಟ್ರೋಲ್ ಸಾಲಲ್ಲ, ಉತ್ತರಕ್ಕೊಂದು ದಕ್ಷಿಣಕ್ಕೊಂದು ಇಡಿ. ಮುಂಗಾರಲ್ಲಿ ಕರಾವಳಿಯುದ್ದಕ್ಕೂ ಕಡಲ ನೀರಿನ ಹರಿವು ದಕ್ಷಿಣಕ್ಕೆ ಇರುತ್ತೆ, ಚಳಿಗಾಲದಲ್ಲಿ ಉತ್ತರಕ್ಕೆ ತಿರುಗುತ್ತೆ, ಕೆಸರೂ ಅದರ ಜೊತೆನೇ ಹೋಗುತ್ತೆ.

ತಳದ ಮಣ್ಣು ತೆಗೆಯೋಕೆ ವ್ಯಾನ್ ವೀನ್ ಗ್ರ್ಯಾಬ್ (ಹಗ್ಗಕ್ಕೆ ಕಟ್ಟಿ ಇಳಿಸಿ ತಳದ ಮಣ್ಣು ಬಾಚೋ ಎರಡು ದವಡೆಯ ಸಲಕರಣೆ) ಸಾಕು. 0.1 ಚದರ ಮೀಟರ್‌ದೋ 0.04ದೋ, ಯಾವುದಾದ್ರೂ ಸರಿ, ಕೊನೆ ತನಕ ಅದನ್ನೇ ಬಳಸಿ. ಪ್ರತಿ ಸ್ಟೇಷನ್ನಲ್ಲಿ ಕನಿಷ್ಠ 3 ಸಲ ಇಳಿಸಿ, ಬಾಯಿಗೆ ಚಿಪ್ಪು ಸಿಕ್ಕಿ ಅರ್ಧ ಮಣ್ಣು ಸೋರಿಹೋದ್ರೆ ಅದನ್ನ ಎಸೆದು ಮತ್ತೆ ಇಳಿಸಿ. ಒಂದು ಗ್ರ್ಯಾಬಿನ ಮಣ್ಣಲ್ಲಿ ಸ್ವಲ್ಪ ಕಣದ ಅಳತೆಗೆ, ಸಾವಯವ ಇಂಗಾಲಕ್ಕೆ ಎತ್ತಿಡಿ, ಜೀವಿ ಎಣಿಸೋಕೆ ಬೇರೆ ಗ್ರ್ಯಾಬ್ ಪೂರ್ತಿಯಾಗಿ 0.5 ಮಿ.ಮೀ. ಜರಡಿಯಲ್ಲಿ ಸಮುದ್ರದ ನೀರಲ್ಲೇ ನಿಧಾನ ತೊಳೀರಿ, ಜೋರಾಗಿ ನೀರು ಬಿಟ್ರೆ ಹುಳಗಳು ತುಂಡಾಗಿ ಗುರುತೇ ಸಿಗಲ್ಲ. ಉಳಿದಿದ್ದನ್ನ 5% ಫಾರ್ಮಲಿನ್‌ನಲ್ಲಿ ರೋಸ್ ಬೆಂಗಾಲ್ ಬಣ್ಣ ಸೇರಿಸಿ ಇಡಿ, ಫಾರ್ಮಲಿನ್‌ಗೆ ಬೋರಾಕ್ಸ್ ಹಾಕದಿದ್ರೆ ಚಿಪ್ಪು ಕರಗುತ್ತೆ. ಗ್ಲೌಸ್ ಇಲ್ದೆ ಮುಟ್ಬೇಡಿ.

ನೀರಿನ ಲೆಕ್ಕ ಬೇರೆ. ಡ್ರೆಜ್ಜರಿನ ಹಾಪರ್ (ಹೂಳು ತುಂಬಿಸೋ ತೊಟ್ಟಿ) ತುಂಬಿದ್ಮೇಲೆ ಮೇಲಿನ ಕೆಸರು ನೀರು ಹೊರಗೆ ಚೆಲ್ಲುತ್ತೆ, ಆ ಹೊತ್ತಲ್ಲಿ ಹರಿವಿನ ದಿಕ್ಕಲ್ಲಿ ಮೇಲೆ, ನಡುವೆ, ತಳದ ಹತ್ರ ಟರ್ಬಿಡಿಟಿ (ನೀರು ಎಷ್ಟು ಕದಡಿದೆ ಅನ್ನೋದು) ಮೀಟರ್‌ನಲ್ಲಿ ಅಳೀರಿ, ಜೊತೆಗೆ ಭರತನಾ ಇಳಿತನಾ ಅಂತ ಬರ್ಕೊಳ್ಳಿ. ಮೀಟರ್ ತೋರಿಸೋ ಸಂಖ್ಯೆ ಕೆಸರಿನ ತೂಕ ಅಲ್ಲ, ಅದೇ ಜಾಗದ ನೀರು ಸೋಸಿ ತೂಗಿ ಹೊಂದಿಸ್ಕೋಬೇಕು.

ಲೆಕ್ಕ ಓದುವಾಗ ಒಟ್ಟು ಸಂಖ್ಯೆ ನೋಡಿ ಖುಷಿಪಡ್ಬೇಡಿ. ತಳ ಕಲಕಿದ ಮೇಲೆ ಕ್ಯಾಪಿಟೆಲ್ಲಾ ಥರದ ಬೇಗ ಹುಟ್ಟಿ ಬೇಗ ಸಾಯೋ ಹುಳಗಳು ರಾಶಿ ರಾಶಿ ಬಂದು ಸಂಖ್ಯೆ ಮುಂಚೆಗಿಂತ ಏರಬಹುದು, ಆದ್ರೆ ಜಾತಿಗಳು ಕಮ್ಮಿ ಆಗಿರ್ತವೆ, ವರ್ಷಗಟ್ಟಲೆ ಬೆಳೆಯೋ ಚಿಪ್ಪುಗಳು ಕಾಣಲ್ಲ. ಜಾತಿ, ತೂಕ, ಚಿಪ್ಪಿನ ಉದ್ದ ಮೂರನ್ನೂ ಬರೀರಿ. ಮರುವಾಯಿ ಹೆಕ್ಕೋರನ್ನ ಕೇಳಿ, ಯಾವ ದಿಬ್ಬದಲ್ಲಿ ಈಗ ಸಿಗ್ತಿಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿರುತ್ತೆ, ಮುಂದಿನ ಸ್ಟೇಷನ್ ಅಲ್ಲೇ ಇಡಿ.

ಪರಿಸರ ಅನುಮತಿ ಪಡೆದ ಯೋಜನೆಗಳು 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧವಾರ್ಷಿಕ ವರದಿ ಕೊಡ್ಬೇಕು, ಅದು ಸಾರ್ವಜನಿಕ ದಾಖಲೆ. ಅದನ್ನ ತರಿಸ್ಕೊಂಡು ಸ್ಟೇಷನ್ ಎಲ್ಲಿತ್ತು, ಯಾವ ತಿಂಗಳು ತೆಗೆದ್ರು, ಕಂಟ್ರೋಲ್ ಇತ್ತಾ ಅಂತ ನಿಮ್ಮ ಲೆಕ್ಕದ ಪಕ್ಕ ಇಟ್ಟು ನೋಡಿ.